ಅಪ್ಪನ ದುಬಾರಿ ಸೈಕಲ್ಲು



ಭಾನುವಾರ ನಸುಕಿನ ಐದೂವರೆಗೆ ನಿಮ್ಮ ಕಟ್ಟಡದ ಲಿಫ್ಟಿನಿಂದ ಯಾರು ಇಳಿಯುತ್ತಾರೆಂಬುದು ನಿಮಗೆ ತಿಳಿದಿರಲಾರದು. ಆ ಹೊತ್ತಿನಲ್ಲಿ ನಿಮಗೆ ಅರ್ಧ ನಿದ್ದೆಯೂ ಆಗಿರುವುದಿಲ್ಲ! ಹಾಲಿನ ಚೀಲ ತೆಗೆದುಕೊಳ್ಳಲು ಬಾಗಿಲು ತೆರೆಯುವ ನಮ್ಮಂಥ ಗೃಹಿಣಿಯರು ಮಾತ್ರ ನೋಡುತ್ತೇವೆ. ಬ್ಯಾಂಕಿನ ಕಾಕಾ, ಹಲ್ಲಿನ ಡಾಕ್ಟರು, ನಿವೃತ್ತಿಯ ಹೊಸ್ತಿಲಲ್ಲಿರುವ ಇಂಜಿನಿಯರು. ಮೈಗಂಟಿದ ಬಣ್ಣದ ಅಂಗಿ, ಬಿಗಿಯಾದ ಚಡ್ಡಿ, ತಲೆಗೆ ಹೆಲ್ಮೆಟ್ಟು. ಎಳೆಗೂಸನ್ನು ಹಿಡಿದಷ್ಟು ಜೋಪಾನವಾಗಿ ಕೈಯಲ್ಲೊಂದು ಸೈಕಲ್ಲು.

ನಿಮಗೆ ನಗು ಬರುವುದು ಸಹಜ. ಇಂಗ್ಲೆಂಡಿನಲ್ಲಿ 2010ರ ಸುಮಾರಿಗೆ ಇಂಥವರಿಗಾಗಿ 'ಮಾಮಿಲ್' ಎಂಬ ಅಡ್ಡಹೆಸರೇ ಹುಟ್ಟಿಕೊಂಡಿತು. 'ಲೈಕ್ರಾ ತೊಟ್ಟ ನಡುವಯಸ್ಸಿನ ಗಂಡಸರು' ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಪದವದು. ನಮ್ಮ ಪುಣೆಯಲ್ಲಿ ಇವರ ಸಂಖ್ಯೆ ಕಡಿಮೆಯೇನಿಲ್ಲ, ಹೆಂಗಸರೂ ಇದ್ದಾರೆ. ನಗಿ, ಬೇಡವೆನ್ನುವುದಿಲ್ಲ. ನಕ್ಕು ಮುಗಿದ ಮೇಲೆ ಈ ನಾಲ್ಕು ಮಾತು ಕೇಳಿ.

ಮೊದಲು ಬೆಲೆಯ ವಿಚಾರ. ಸಾಧಾರಣ ಸೈಕಲ್ಲು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಇವರು ಕೊಳ್ಳುವುದು 50 ಸಾವಿರದಿಂದ ಶುರುವಾಗಿ ಎರಡು ಮೂರು ಲಕ್ಷ ದಾಟುವಂಥದ್ದು. ನಮ್ಮ ಮನೆಗೂ ಅಂಥದ್ದೊಂದು ಬಂತು. ಸುತ್ತಲೂ ತಿರುಗಿ ನೋಡಿದೆ. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. "ಏನ್ರೀ, ಇಷ್ಟು ರೊಕ್ಕ ಸುರುವಿದ್ರೂ ಒಂದು ಗಂಟೀನೂ ಕೊಟ್ಟಿಲ್ಲಲ್ರೀ?" ಎಂದೆ. ಇನ್ನೂ ದುಬಾರಿಯವು ಪೆಡಲ್ಲೇ ಇಲ್ಲದೆ ಬರುತ್ತವೆ, ಅವನ್ನು ಬೇರೆ ಕೊಳ್ಳಬೇಕು ಎಂದರು ನಮ್ಮವರು. ಬೆಲೆ ಏರಿದಷ್ಟೂ ಸಾಮಾನು ಕಡಿಮೆಯಾಗುವ ವ್ಯಾಪಾರವನ್ನು ನಾನು ಅಲ್ಲೇ ಮೊದಲು ಕಂಡಿದ್ದು.

ಹಾಗಾದರೆ ಹಣ ಹೋಗುವುದೆಲ್ಲಿಗೆ? ಹೆಚ್ಚಿನ ಪಾಲು ತೂಕ ಇಳಿಸುವುದಕ್ಕೆ. ನಮ್ಮ ಕಾಲದ ಕಪ್ಪು ಉಕ್ಕಿನ ಸೈಕಲ್ಲು 18ರಿಂದ 20 ಕಿಲೋ ತೂಗುತ್ತಿತ್ತು. ಕಾರ್ಬನ್ ನಾರಿನ ಚೌಕಟ್ಟಿನ ಹೊಸ ಸೈಕಲ್ಲು ಎಂಟು ಕಿಲೋ ಆಸುಪಾಸು. ಇನ್ನೊಂದು ಪಾಲು ಗೇರಿಗೆ. ಏರು ಬಂದಾಗ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಚೈನು ಸರಿದರೆ, ಹೆಚ್ಚು ಸುತ್ತು ತುಳಿಯಬೇಕಾದರೂ ಪ್ರತಿ ತುಳಿತ ಹಗುರವಾಗುತ್ತದೆ. ಐವತ್ತೈದರ ಕಾಲುಗಳು ಕಾತ್ರಜ್ ಘಾಟು ಹತ್ತುವ ಗುಟ್ಟು ಇದೇ.

ಇನ್ನು ಈ ವಯಸ್ಸಿನಲ್ಲಿ ಇವರಿಗೇಕೆ ಈ ಹುಚ್ಚು? ಇದು ಹೊಸ ಹುಚ್ಚಲ್ಲ, ಬಿಟ್ಟುಬಂದದ್ದನ್ನು ಹುಡುಕಿಕೊಂಡು ಹೋಗುವುದು ಎಂದು ನನಗನ್ನಿಸುತ್ತದೆ. ನಿಮ್ಮ ಅಪ್ಪ ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯಿಂದ ಗಂಟೆಗಿಷ್ಟು ಎಂದು ಕೊಟ್ಟು ತಂದ ದೊಡ್ಡ ಸೈಕಲ್ಲಿನ ಮೇಲೆ. ಸೀಟಿನ ಮೇಲೆ ಕೂತರೆ ಕಾಲು ಎಟುಕದು. ಚೌಕಟ್ಟಿನ ತ್ರಿಕೋನದೊಳಗಿಂದ ಒಂದು ಕಾಲು ತೂರಿಸಿ, ಒಳಪೆಡಲು ತುಳಿದು, ಮೊಣಕಾಲು ತರಚಿಕೊಂಡು ಕಲಿತ ವಿದ್ಯೆ ಅದು. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಎಂಬ ಹೆಸರುಗಳು ಮನೆಮಂದಿಯ ಹೆಸರಿನಷ್ಟೇ ಪರಿಚಿತ. ಲೂಧಿಯಾನದಲ್ಲಿ 1956ರಲ್ಲಿ ಶುರುವಾದ ಹೀರೋ ಕಂಪನಿ 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿಯೆಂದು ಗಿನ್ನೆಸ್ ದಾಖಲೆ ಸೇರಿತು.

ಪುಣೆಯಂತೂ ಆಗ ಸೈಕಲ್ಲುಗಳ ಊರು ಎಂದೇ ಹೆಸರಾಗಿತ್ತು. ಕರ್ವೆನಗರದಲ್ಲಿ ಹಳೆಯ ಸೈಕಲ್ಲುಗಳ ಒಂದು ಸಂಗ್ರಹಾಲಯವೇ ಇದೆ, ಬಿಡುವಾದಾಗ ನೋಡಿ ಬನ್ನಿ. ಧಾರವಾಡದಿಂದ ಬಂದ ನಮ್ಮವರೂ ನಿಗಡಿಯ ಬಾಡಿಗೆ ಕೋಣೆಯಿಂದ ಚಿಂಚವಡದ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಆದರೆ ಇದೇ ಊರಿನ ಆಕುರ್ಡಿಯ ಕಾರ್ಖಾನೆಯಿಂದ 1972ರಲ್ಲಿ ಚೇತಕ್ ಸ್ಕೂಟರ್ ಹೊರಬಂದಿತ್ತು. ಜನ ಹಣ ಕಟ್ಟಿ ಅದಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದ್ದರು. ಸ್ಕೂಟರ್ ಬಂದ ಮನೆಯಲ್ಲಿ ಸೈಕಲ್ಲು ಜಿನ್ನದ ಕೆಳಗೆ ಸೇರಿತು, ಆಮೇಲೆ ಹಳೇ ಸಾಮಾನಿನವನ ಗಾಡಿಗೆ ಏರಿತು. ಸೈಕಲ್ಲು ತುಳಿಯುವುದು ಬಡತನದ ಗುರುತಾಯಿತು. ಮದುವೆಗೆ ಹುಡುಗನನ್ನು ನೋಡುವಾಗಲೂ 'ಸ್ಕೂಟರ್ ಇದೆಯೇ?' ಎಂದು ಕೇಳುವ ಕಾಲ ಅದು.

ಮುಂದೆ ಕಾರು ಬಂತು, ಜತೆಗೆ ಹೊಟ್ಟೆಯೂ ಬಂತು. ಸಕ್ಕರೆ, ರಕ್ತದೊತ್ತಡ ಎಂದು ಡಾಕ್ಟರರ ಚೀಟಿ ಉದ್ದವಾಯಿತು. 2020ರ ಲಾಕ್‌ಡೌನಿನಲ್ಲಿ ಜಿಮ್ಮು ಮುಚ್ಚಿದವು, ರಸ್ತೆ ಖಾಲಿಯಾದವು. ಜನರಿಗೆ ಸೈಕಲ್ಲಿನ ನೆನಪಾಯಿತು. ವಿಚಿತ್ರ ನೋಡಿ, ವಿಶ್ವ ಸೈಕಲ್ ದಿನವಾದ ಜೂನ್ 3ರಂದು, ಅದೇ 2020ರಲ್ಲಿ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಅಪ್ಪಂದಿರು ಸೈಕಲ್ಲಿಗೆ ಮರಳುವ ಹೊತ್ತಿಗೆ ಅವರ ಬಾಲ್ಯದ ಸೈಕಲ್ಲು ಮನೆಗೆ ಹೋಗಿತ್ತು.

ವಯಸ್ಸಾದ ಮೇಲೆ ಇದೆಲ್ಲ ಸಾಧ್ಯವೇ ಎನ್ನುವವರು ತೈವಾನಿನತ್ತ ನೋಡಬೇಕು. 'ಜಯಂಟ್' ಸೈಕಲ್ ಕಂಪನಿಯನ್ನು 1972ರಲ್ಲಿ ಸ್ಥಾಪಿಸಿದ ಕಿಂಗ್ ಲಿಯು, 2007ರಲ್ಲಿ ತಮ್ಮ 73ನೇ ವಯಸ್ಸಿನಲ್ಲಿ ಇಡೀ ದ್ವೀಪವನ್ನು, ಅಂದರೆ 900 ಕಿ.ಮೀ.ಗೂ ಹೆಚ್ಚು ದೂರವನ್ನು, 15 ದಿನಗಳಲ್ಲಿ ಸೈಕಲ್ಲಿನಲ್ಲಿ ಸುತ್ತಿಬಂದರು. ನಮ್ಮಲ್ಲೂ ನಡುವಯಸ್ಸಿನ ಎಷ್ಟೋ ಜನ 'ಬ್ರೆವೆ' ಎಂಬ ದೂರದ ಸವಾರಿಗೆ ಇಳಿಯುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವು. ಮೊದಲು ಬಂದವರಿಗೆ ಬಹುಮಾನವಿಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು. ಆಷಾಢದಲ್ಲಿ ನಾಸಿಕ್, ಪುಣೆಗಳಿಂದ ಪಂಢರಪುರಕ್ಕೆ ಸೈಕಲ್ಲಿನಲ್ಲೇ ವಾರಿ ಹೋಗುವವರಿದ್ದಾರೆ. ವಿಠಲನ ಹೆಸರು ಹೇಳಿ ತುಳಿದರೆ ಮೊಣಕಾಲು ನೋಯುವುದಿಲ್ಲವೆಂದು ಅವರ ನಂಬಿಕೆ!

ಭಕ್ತಿಯ ಮಾತು ಹಾಗಿರಲಿ, ಮೊಣಕಾಲಿಗೆ ಇದು ಹಿತವೆನ್ನುವುದಕ್ಕೆ ಕಾರಣವಿದೆ. ಓಡುವಾಗ ಮೈಭಾರವೆಲ್ಲ ಕಾಲಿನ ಕೀಲುಗಳ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ. ಆದರೆ ಸೀಟು ತೀರ ತಗ್ಗಾಗಿದ್ದರೆ ಅದೇ ಮೊಣಕಾಲಿಗೆ ಕುತ್ತು. ಪೆಡಲ್ಲು ಕೆಳಗಿಳಿದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಇನ್ನು, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರಕ್ಕೆ ಐದು ದಿನ ಅರ್ಧ ಅರ್ಧ ಗಂಟೆ. ಇದಕ್ಕೆ ಲಕ್ಷದ ಸೈಕಲ್ಲೇ ಆಗಬೇಕೆಂದಿಲ್ಲ.

ನನ್ನ ಮುಖ್ಯ ಮಾತಿಗೆ ಈಗ ಬರುತ್ತೇನೆ. ನಮ್ಮ ಸೊಸೈಟಿಯಲ್ಲಿ ದುಬಾರಿ ಸೈಕಲ್ಲುಗಳು ಲಿಫ್ಟ್ ಏರಿ ಹಾಲಿನಲ್ಲಿ ಸೋಫಾದ ಪಕ್ಕ ನಿಲ್ಲುತ್ತಿದ್ದವು. ರಾತ್ರಿ ಪಾಳಿಯ ಕಾವಲುಗಾರ ಹತ್ತು ಕಿ.ಮೀ. ತುಳಿದು ಬರುವ ಸೈಕಲ್ಲು ಗೇಟಿನ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು. ಒಬ್ಬರು ತುಳಿದರೆ 'ಫಿಟ್‌ನೆಸ್', ಇನ್ನೊಬ್ಬರು ತುಳಿದರೆ 'ಪಾಪ'. ಎರಡಕ್ಕೂ ಎರಡೇ ಚಕ್ರ, ಒಂದೇ ರಸ್ತೆ. ಹಿಂದಿನಿಂದ ಬರುವ ಟ್ಯಾಂಕರಿಗೆ ಯಾವುದು ಎರಡು ಲಕ್ಷದ್ದು, ಯಾವುದು ಎರಡು ಸಾವಿರದ್ದು ಎಂಬುದು ಕಾಣುವುದಿಲ್ಲ. ಸೈಕಲ್ ಪಥದಲ್ಲಿ ಮೋಟರ್‌ಬೈಕ್ ನಿಲ್ಲಿಸಿದರೆ ಇಬ್ಬರೂ ಬಸ್ಸಿನ ಬಾಯಿಗೆ ಸರಿಯಬೇಕು. ಪುಣೆ ಮಹಾನಗರಪಾಲಿಕೆ 2017ರಲ್ಲಿ ಇಡೀ ಊರಿಗೆಂದು ಸೈಕಲ್ ಯೋಜನೆಯೊಂದನ್ನು ಒಪ್ಪಿತು. ಕಾಗದದ ಮೇಲಿನ ಪಥ ರಸ್ತೆಗೆ ಇಳಿಯಬೇಕಾದರೆ ಕೇಳುವವರು ಬೇಕು. ಕಾವಲುಗಾರ ಕೇಳಿದರೆ ಕಿವಿಗೊಡದ ಅಧಿಕಾರಿ, ಬ್ಯಾಂಕಿನ ಮ್ಯಾನೇಜರೂ ಡಾಕ್ಟರೂ ಕೇಳಿದರೆ ಕುರ್ಚಿ ಎಳೆದು ಕೂರಿಸುತ್ತಾನೆ. ನಿಮ್ಮ ಅಪ್ಪನ ಹೊಸ ಹವ್ಯಾಸದಿಂದ ಆಗಬಹುದಾದ ದೊಡ್ಡ ಉಪಕಾರ ಇದು.

ಹಾಗಾದರೆ ನೀವು ಮಾಡಬೇಕಾದುದೇನು? ಅಪ್ಪ ಅಂಗಡಿಗೆ ಓಡುವ ಮೊದಲು ಹೃದಯದ ತಪಾಸಣೆಗೆ ಕರೆದೊಯ್ಯಿರಿ. ಮೂರು ತಿಂಗಳು ಸಾದಾ ಸೈಕಲ್ಲು ತುಳಿಯಲಿ, ಆಮೇಲೂ ಉತ್ಸಾಹ ಉಳಿದರೆ ದುಬಾರಿಯದಕ್ಕೆ ನೀವೇ ಶಿಫಾರಸು ಮಾಡಿ. ಇಲ್ಲವಾದರೆ ಅದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕಂಬಿಯಾಗುತ್ತದೆ. ಹೆಲ್ಮೆಟ್ಟು, ಹಿಂದೊಂದು ಕೆಂಪು ದೀಪ, ಒಂದು ಗಂಟೆ, ಇಷ್ಟು ಇಲ್ಲದೆ ಹೊರಗೆ ಬಿಡಬೇಡಿ. ಕಾವಲುಗಾರನ ಸೈಕಲ್ಲಿಗೂ ಅಂಥದ್ದೇ ಒಂದು ದೀಪ ತಂದುಕೊಡಿ, ಸಿನಿಮಾ ಟಿಕೆಟ್ಟಿಗಿಂತ ಹೆಚ್ಚು ಖರ್ಚಾಗದು.

ಒಂದು ಭಾನುವಾರ ಖಡಕವಾಸಲೆಯವರೆಗೆ ಜತೆಗೆ ಹೋಗಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ, 'ಅಪ್ಪಾ, ನೀನು ಸೈಕಲ್ ಕಲಿತದ್ದು ಹೇಗೆ?' ಎಂದು ಕೇಳಿ. ಆ ಕಥೆ ಅವರಿಗೆ ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ, ಹಿಂದಿಯಲ್ಲೂ ಬರುವುದಿಲ್ಲ. ಗಾಳಿ ಹೊಡೆಯುವುದು, ಚೈನು ಕಳಚುವುದು, ಡಬಲ್ ಹೊಡೆಯುವುದು, ಎಲ್ಲ ಕನ್ನಡದಲ್ಲೇ ಬರುತ್ತದೆ. ಊರಿಗೆ ಹೋದಾಗ ನಿಮ್ಮ ಅತ್ತೆ, ಚಿಕ್ಕಪ್ಪಂದಿರ ಮಕ್ಕಳನ್ನೂ ಕೇಳಿ. ಕರ್ನಾಟಕ ಸರಕಾರ 2006ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಟ್ಟಿತು. ಪಕ್ಕದ ಊರಿನ ಹೈಸ್ಕೂಲಿಗೆ ಅದನ್ನೇ ತುಳಿದುಕೊಂಡು ಹೋದ ಹುಡುಗಿ ನಿಮ್ಮ ಬಳಗದಲ್ಲೇ ಇದ್ದಾಳು.

ನಮ್ಮ ಸೊಸೈಟಿಯ ಸಭೆಯಲ್ಲಿ ಸೈಕಲ್ ಸವಾರರೇ ಸೇರಿ, ಎಲ್ಲ ಸೈಕಲ್ಲಿಗೂ ಒಂದೇ ಚಪ್ಪರ ಬೇಕೆಂದು ಕೇಳಿದರು. "ಕೆಲಸದವರ ಸೈಕಲ್ಲೂ ಒಳಗೇ?" ಎಂದು ಗೊಣಗಿದವರಿದ್ದರು. ಎರಡು ಸಭೆಗಳ ವಾದವಾಯಿತು. ಕೊನೆಗೆ ನೀರಿನ ಟಾಕಿಯ ಪಕ್ಕ ತಗಡಿನ ಚಪ್ಪರ ಎದ್ದಿತು. ಮಳೆಗಾಲಕ್ಕೆ ಮುಂಚೆ ನಿಮ್ಮ ಸೊಸೈಟಿಯಲ್ಲೂ ಒಮ್ಮೆ ಕೇಳಿ ನೋಡಿ.