ಬೇರಿನಿಂದ ಮೇಲೇಳುವ ಹೂ

ಮೈಸೂರಿನ ಚಾಮರಾಜಪುರಂನಂತಹ ಹಳೆಯ ಬಡಾವಣೆಯಲ್ಲಿ ನಡೆಯುವಾಗ ಮಾವಿನ ಮರ ಕಂಡರೆ ಒಮ್ಮೆ ತಲೆಯೆತ್ತಿ ನೋಡಿ. ಒಂದೇ ಮರದಲ್ಲಿ ಎರಡು ಬಗೆಯ ಎಲೆಗಳಿದ್ದರೆ ಅಲ್ಲಿ ಬದನಿಕೆ ಬೆಳೆದಿರಬಹುದು. ಹಕ್ಕಿಗಳು ಅಂಟಿಸಿಹೋದ ಬೀಜದಿಂದ ಮೊಳೆಯುವ ಈ ಸಸ್ಯವು ಕೊಂಬೆಯೊಳಕ್ಕೆ ಹೀರುಬೇರನ್ನು ಇಳಿಸಿ ನೀರು ಮತ್ತು ಲವಣಗಳನ್ನು ಪಡೆಯುತ್ತದೆ. ಎಲೆ ಹಸಿರಾಗಿರುವುದರಿಂದ ಆಹಾರವನ್ನು ತಾನೇ ತಯಾರಿಸಬಲ್ಲದು. ಆದ್ದರಿಂದ ಅದು ಅರೆ ಪರಾವಲಂಬಿ. ಮೈಸೂರಿಗೆ ಹೆಸರು ತಂದ ಶ್ರೀಗಂಧವೂ ಅರೆ ಪರಾವಲಂಬಿಯೇ. ಅದರ ಹೀರುಬೇರುಗಳು ನೆಲದಡಿಯಲ್ಲಿ ನೆರೆಯ ಗಿಡಗಳ ಬೇರುಗಳಿಗೆ ಅಂಟಿಕೊಳ್ಳುತ್ತವೆ.

ಪೂರ್ಣ ಪರಾವಲಂಬಿಯನ್ನು ನೋಡಬೇಕೆ? ಹಾಗಿದ್ದರೆ ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣ ಕಾಡು ಅಥವಾ ಶೋಲಾ ಕಾಡಿಗೆ ಹೋಗಬೇಕು. ಅಲ್ಲಿ ತರಗೆಲೆಗಳ ನಡುವೆ ಅಣಬೆಯಂತೆ ತಲೆಯೆತ್ತಿರುವ, ಕೆಂಪು ಛಾಯೆಯ, ಕೆಲವೇ ಅಂಗುಲ ಎತ್ತರದ ಬಲನೋಫೋರ ಕಾಣಸಿಗಬಹುದು. ಇದು ಅಣಬೆಯಲ್ಲ, ಹೂ ಬಿಡುವ ಸಸ್ಯ. ಇದರಲ್ಲಿ ಪತ್ರಹರಿತ್ತು ಇಲ್ಲ. ನೀರು, ಲವಣ, ಸಕ್ಕರೆ ಎಲ್ಲವೂ ಆತಿಥೇಯ ಮರದ ಬೇರಿನಿಂದಲೇ ಬರಬೇಕು. ಇದರ ಹೆಣ್ಣು ಹೂಗಳು ಸಸ್ಯಲೋಕದ ಅತಿ ಚಿಕ್ಕ ಹೂಗಳ ಸಾಲಿಗೆ ಸೇರುತ್ತವೆ.

ಇಂತಹ ಸಸ್ಯಕ್ಕೆ ಎಂತಹ ಮಣ್ಣು ಬೇಕು? ಘಟ್ಟಗಳಲ್ಲಿ ಭಾರಿ ಮಳೆಯು ಮಣ್ಣಿನ ಲವಣಗಳನ್ನು ತೊಳೆದೊಯ್ಯುತ್ತದೆ. ಹೀಗಾಗಿ ಅಲ್ಲಿನ ಮಣ್ಣು ಸಾಮಾನ್ಯವಾಗಿ ಆಮ್ಲೀಯ. ಪೋಷಕಾಂಶಗಳಲ್ಲಿ ಬಹುಪಾಲು ಕೊಳೆಯುವ ತರಗೆಲೆಗಳಿಂದ ಬರುವುದರಿಂದ ಮರಗಳ ಎಳೆಬೇರುಗಳು ಮೇಲ್ಪದರದಲ್ಲೇ ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಬಲನೋಫೋರದ ಬೀಜ ಧೂಳಿನ ಕಣದಷ್ಟು ಚಿಕ್ಕದು. ಅದರಲ್ಲಿ ಕೂಡಿಟ್ಟ ಆಹಾರ ಅತ್ಯಲ್ಪ. ಬೇರು ಹತ್ತಿರದಲ್ಲೇ ಸಿಗದಿದ್ದರೆ ಮೊಳಕೆ ಬದುಕಲಾರದು. ನೆರಳು ಮತ್ತು ತೇವ ಅದನ್ನು ಒಣಗದಂತೆ ಕಾಪಾಡುತ್ತವೆ. ಅಂದರೆ ಮಣ್ಣು ಇದಕ್ಕೆ ನೇರವಾಗಿ ಉಣಿಸುವುದಿಲ್ಲ. ಮಣ್ಣು ಮರಕ್ಕೆ ಉಣಿಸುತ್ತದೆ, ಮರ ಇದಕ್ಕೆ ಉಣಿಸುತ್ತದೆ.

ಹಾಗಾದರೆ ಕಾಡಿನ ಮಣ್ಣಿನ ಸಮೇತ ಗಿಡವನ್ನು ಅಗೆದು ತಂದು ಶಾಲೆಯ ಕುಂಡದಲ್ಲಿ ನೆಟ್ಟರೆ? ಅದು ಸಾಯುತ್ತದೆ. ಇದರ ಗೆಡ್ಡೆಯೊಳಗೆ ಪರಾವಲಂಬಿಯ ಅಂಗಾಂಶದೊಡನೆ ಆತಿಥೇಯದ ಅಂಗಾಂಶವೂ ಬೆರೆತಿರುತ್ತದೆ. ಗೆಡ್ಡೆಯನ್ನು ಕಿತ್ತಾಗ ಆಹಾರದ ಕೊಳವೆಯನ್ನೇ ಕತ್ತರಿಸಿದಂತಾಗುತ್ತದೆ. ಪಶ್ಚಿಮ ಘಟ್ಟಗಳ ಉಪಪ್ರಭೇದದಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಬೇರೆಬೇರೆ ಗಿಡಗಳಲ್ಲಿರುತ್ತವೆ. ನೀವು ಕಿತ್ತದ್ದು ಆ ಜಾಗದ ಒಂದೇ ಗಂಡು ಗಿಡವಾಗಿದ್ದರೆ, ಸುತ್ತಲಿನ ಹೆಣ್ಣು ಗಿಡಗಳಿಗೆ ಪರಾಗ ದೊರೆಯುವುದು ಕಷ್ಟ.

ಜಗತ್ತಿನ ಅತಿ ದೊಡ್ಡ ಹೂವಿನ ಕಥೆಯೂ ಇಂಥದ್ದೇ. ಸುಮಾರು 1 ಮೀಟರ್ ಅಗಲದವರೆಗೂ ಅರಳುವ ಸುಮಾತ್ರದ ರಫ್ಲೇಸಿಯ ಆರ್ನಾಲ್ಡಿ ಬೆಳೆಯುವುದು ದ್ರಾಕ್ಷಿ ಕುಟುಂಬದ ಟೆಟ್ರಾಸ್ಟಿಗ್ಮ ಬಳ್ಳಿಯೊಳಗೆ. ಇಂಡೋನೇಷ್ಯದ ಬೋಗೋರ್ ಸಸ್ಯೋದ್ಯಾನದಲ್ಲಿ 2010ರಲ್ಲಿ ಇದರ ಸೋದರ ಪ್ರಭೇದ ರಫ್ಲೇಸಿಯ ಪಾಟ್ಮ ಅರಳಿತು. ಅಲ್ಲಿನವರು ನೆಚ್ಚಿದ್ದು ಮಣ್ಣನ್ನಲ್ಲ. ಪರಾವಲಂಬಿಯನ್ನು ಒಳಗೊಂಡ ಬಳ್ಳಿಯನ್ನೇ ಕಸಿ ಮಾಡಿದ್ದರು. ಟೆಟ್ರಾಸ್ಟಿಗ್ಮ ಕುಲದ ಬಳ್ಳಿಗಳು ನಮ್ಮ ಘಟ್ಟಗಳಲ್ಲೂ ಇವೆ, ಆದರೆ ರಫ್ಲೇಸಿಯ ಇಲ್ಲ. ಅದರ ಹತ್ತಿರದ ಸಂಬಂಧಿ ಸಾಪ್ರಿಯ ಭಾರತದಲ್ಲಿ ಕಾಣುವುದು ಈಶಾನ್ಯದ ಕಾಡುಗಳಲ್ಲಿ. ಆತಿಥೇಯ ಇದ್ದ ಮಾತ್ರಕ್ಕೆ ಪರಾವಲಂಬಿ ಇರಲೇಬೇಕೆಂದಿಲ್ಲ. ಆತಿಥೇಯ ಇಲ್ಲದೆಡೆ ಮಾತ್ರ ಅದು ಖಂಡಿತ ಇರದು.

ಶಿಕ್ಷಕರೇ, ಮಕ್ಕಳೊಡನೆ ಘಟ್ಟಕ್ಕೆ ಹೋದಾಗ ಬಲನೋಫೋರ ಕಂಡರೆ ಕೀಳಬೇಡಿ, ಸುತ್ತಲಿನ ತರಗೆಲೆಯನ್ನೂ ಕೆದಕಬೇಡಿ. ಚಿತ್ರ ಬರೆಯಿಸಿ. ಹತ್ತಿರದ ಮರಗಳು, ನೆರಳು, ತರಗೆಲೆಯ ದಪ್ಪ, ಯಾವ ಕೀಟಗಳು ಬಂದವು ಎಂಬುದನ್ನು ಗುರುತು ಹಾಕಿಸಿ. ಹೂವೊಂದು ಉಳಿಯಲು ಏನೆಲ್ಲ ಉಳಿಯಬೇಕು ಎಂಬುದು ಆ ಪಟ್ಟಿಯಿಂದಲೇ ಮಕ್ಕಳಿಗೆ ತಿಳಿಯುತ್ತದೆ.