ಅಕ್ಷರಶುದ್ಧಿಯೂ ಒಂದು ಸಂಸ್ಕಾರ

ಆಡಿದ ಮಾತು ಗಾಳಿಯಲ್ಲಿ ಮರೆಯಾಗಬಹುದು. ಬರೆದ ಮಾತು ಬರೆದವರ ಕೈಬಿಟ್ಟ ಮೇಲೂ ಉಳಿಯುತ್ತದೆ. ಮದುವೆ, ಗೃಹಪ್ರವೇಶ, ಪುಣ್ಯಸ್ಮರಣೆಗಳ ಕರೆಯೋಲೆಗಳು ಇಂದು ಮೊಬೈಲಿನಲ್ಲಿಯೇ ಸಿದ್ಧವಾಗಿ ಕ್ಷಣಮಾತ್ರದಲ್ಲಿ ನೂರಾರು ಮನೆಗಳನ್ನು ತಲುಪುತ್ತಿವೆ. ಅನುಕೂಲವೇನೋ ಬಹಳ. ಆದರೆ ಹಿಂದೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಕಣ್ಣು ಇಲ್ಲಿಲ್ಲ.

ಕಳೆದ ಶ್ರಾವಣದಲ್ಲಿ ನಾವೇ ಬರೆದು ಕಳುಹಿಸಿದ ಓಲೆಯಲ್ಲಿ ‘ಆಹ್ವಾನ’ವು ‘ಆವ್ಹಾನ’ವಾಗಿಯೂ ‘ಆಶೀರ್ವಾದ’ವು ‘ಆರ್ಶೀವಾದ’ವಾಗಿಯೂ ಹೋಗಿದ್ದವು. ನಿವೃತ್ತ ಶಿಕ್ಷಕರಾದ ಹಿರಿಯರೊಬ್ಬರು ಪೂಜೆಗೆ ಬಂದಾಗ ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲನೆ ತಿಳಿಸಿದರು. ನಾಚಿಕೆಯಾಯಿತು, ಆದರೆ ಅವರು ಹೇಳಿಕೊಟ್ಟ ಕ್ರಮ ಮನದಲ್ಲಿ ನಿಂತಿತು. ಆಹ್ವಾನ, ಮಧ್ಯಾಹ್ನ, ಚಿಹ್ನೆ ಎಂಬಲ್ಲೆಲ್ಲ ಹಕಾರವು ಮೇಲೆ, ಒತ್ತಕ್ಷರವು ಕೆಳಗೆ. ‘ಆಶೀರ್ವಾದ’ದಲ್ಲಿ ರೇಫವನ್ನು ಉಚ್ಚರಿಸುವುದು ‘ವಾ’ ಅಕ್ಷರಕ್ಕಿಂತ ಮೊದಲು. ಅರ್ಕಾವತ್ತನ್ನು ಬರೆಯುವುದು ಅದರ ನಂತರ. ಈ ಗುಟ್ಟನ್ನು ಮರೆತಾಗಲೇ ಅದು ‘ಶೀ’ ಅಕ್ಷರದ ಬೆನ್ನು ಹತ್ತುತ್ತದೆ.

ಕೆಲವು ತಪ್ಪುಗಳು ಅರ್ಥವನ್ನೇ ಕೆಡಿಸುತ್ತವೆ. ಮಹಾಪ್ರಾಣ ತಪ್ಪಿದರೆ ‘ಧನ’ವು ‘ದನ’ವಾಗುತ್ತದೆ. ಳಕಾರ ತಪ್ಪಿದರೆ ‘ಬೆಳೆ’ಯು ‘ಬೆಲೆ’ಯಾಗುತ್ತದೆ. ಒಂದು ದೀರ್ಘ ಹೆಚ್ಚಾದರೆ ‘ಪ್ರಸಾದ’ವು ‘ಪ್ರಾಸಾದ’ವಾಗಿ, ಭಕ್ತರನ್ನು ಅರಮನೆಗೇ ಕರೆದಂತಾಗುತ್ತದೆ!

ಹಾಗೆಂದು ಆಡುಮಾತನ್ನು ಹಳಿಯುವುದು ಸಲ್ಲದು. ಹಕಾರ ಬಿಟ್ಟು ನುಡಿಯುವುದೂ ಒಂದು ಸೀಮೆಯ ಸೊಗಡೇ. ಬರಹವಾದರೋ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಸೇರಿದ್ದು. ಅದಕ್ಕೊಂದು ಸಮಾನ ರೂಪ ಬೇಕು.

ವಚನಗಳ ವಿಷಯದಲ್ಲಂತೂ ಈ ಎಚ್ಚರ ನಮ್ಮ ಕರ್ತವ್ಯ. ಮನೆಮನೆಗಳಲ್ಲಿ ಚದುರಿಹೋಗಿದ್ದ ತಾಡೋಲೆಗಳನ್ನು ವರ್ಷಗಟ್ಟಲೆ ಅರಸಿ, ಸಂಗ್ರಹಿಸಿ, ಪರಿಶೀಲಿಸಿದ ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಂಥವರು ಅಕ್ಷರ ಅಕ್ಷರವಾಗಿ ಉಳಿಸಿಕೊಟ್ಟ ವಚನಗಳು ಇಂದು ನಮ್ಮ ಬೆರಳ ತುದಿಯಿಂದ ತಪ್ಪುತಪ್ಪಾಗಿ ಹರಿದಾಡುತ್ತಿವೆ. ಒಬ್ಬ ಶರಣರ ವಚನಕ್ಕೆ ಮತ್ತೊಬ್ಬರ ಹೆಸರು ಅಂಟಿಕೊಳ್ಳುವುದೂ ಉಂಟು. ನಮ್ಮ ಮಕ್ಕಳು ಕಲಿಯುವುದು ಆ ತಪ್ಪನ್ನೇ ಅಲ್ಲವೇ?

ಪರಿಹಾರ ದೂರವಿಲ್ಲ. ಕಳುಹಿಸುವ ಮೊದಲು ಬರೆದುದನ್ನು ಒಮ್ಮೆ ಗಟ್ಟಿಯಾಗಿ ಓದೋಣ. ಸಂಶಯ ಬಂದರೆ ನಿಘಂಟನ್ನು ತೆರೆಯೋಣ. ವಚನವಾದರೆ ಮನೆಯಲ್ಲಿರುವ ಪುಸ್ತಕದೊಡನೆ ಹೋಲಿಸೋಣ. ಆ ಕೆಲಸವನ್ನು ಮಕ್ಕಳಿಗೇ ವಹಿಸೋಣ. ತಪ್ಪು ಕಂಡಾಗ ಆ ಹಿರಿಯರಂತೆ, ನಾಲ್ಕು ಜನರ ಎದುರಿಗಲ್ಲದೆ, ಪಕ್ಕಕ್ಕೆ ಕರೆದು ತಿಳಿಸೋಣ. ತಿದ್ದುವವರಲ್ಲಿ ಪ್ರೀತಿ, ತಿದ್ದಿಕೊಳ್ಳುವವರಲ್ಲಿ ವಿನಯ ಇದ್ದರೆ ನುಡಿ ತಾನಾಗಿಯೇ ಶುದ್ಧವಾದೀತು.