ಬೆಲ್ಟ್ ಕಿರುಚಿದಾಗ ಯಾವ ರಿಪೇರಿ ಕಾಯಬಹುದು?

ಮಳೆಗಾಲದ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗಿಂದ ‘ಕೀಂ...’ ಎಂದು ಒಂದು ಕೀರಲು ಸದ್ದು ಏಳುತ್ತದೆ. ಅರ್ಧ ನಿಮಿಷದಲ್ಲಿ ತಾನಾಗಿಯೇ ಅಡಗಿಯೂ ಹೋಗುತ್ತದೆ. ಅಡಗಿತಲ್ಲ ಎಂದು ಕೆಲವರು ಮರೆತುಬಿಡುತ್ತಾರೆ. ಕೆಲವರು ಗಾಬರಿಯಿಂದ ಗ್ಯಾರೇಜಿಗೆ ಹೋಗಿ ಬೆಲ್ಟು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್, ಆಲ್ಟರ್ನೇಟರ್ ಎಲ್ಲವನ್ನೂ ಬದಲಾಯಿಸಿಕೊಂಡು ಬರುತ್ತಾರೆ. ಸಾಲದ ಕಂತು, ಮಕ್ಕಳ ಫೀಸು ನೋಡಿಕೊಂಡು ಹಳೆಯ ಕಾರನ್ನು ನಡೆಸುತ್ತಿರುವ ಮನೆಗೆ ಈ ಎರಡು ದಾರಿಯೂ ದುಬಾರಿಯೇ. ಕಿರುಚುವುದು ಬೆಲ್ಟೇ ಆದರೂ ತಪ್ಪು ಬಹಳ ಸಲ ಬೇರೆಲ್ಲೋ ಇರುತ್ತದೆ. ರಿಪೇರಿಯನ್ನು ಎಷ್ಟು ದಿನ ತಳ್ಳಬಹುದೆಂಬುದನ್ನು ಸದ್ದಿನ ಜೋರು ನಿರ್ಧರಿಸುವುದಿಲ್ಲ. ಆ ಬೆಲ್ಟು ಏನೇನನ್ನು ತಿರುಗಿಸುತ್ತಿದೆ ಎಂಬುದು ನಿರ್ಧರಿಸುತ್ತದೆ.

ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಒಂದು ದೊಡ್ಡ ಪುಲ್ಲಿ ಇದೆ. ಅದನ್ನು ಸುತ್ತಿದ ರಬ್ಬರ್ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಗಾಡಿಗೆ ತಕ್ಕಂತೆ ವಾಟರ್ ಪಂಪ್, ಎಸಿ ಕಂಪ್ರೆಸರ್, ಪವರ್ ಸ್ಟಿಯರಿಂಗ್ ಪಂಪುಗಳನ್ನೂ ತಿರುಗಿಸುತ್ತದೆ. ಅಂಬಾಸಿಡರ್ ಕಾಲದಲ್ಲಿ ರೇಡಿಯೇಟರಿನ ಫ್ಯಾನು ಕೂಡ ಇದರಿಂದಲೇ ತಿರುಗುತ್ತಿತ್ತು. ಇಂದು ಬಹುತೇಕ ಕಾರುಗಳ ಫ್ಯಾನಿಗೆ ಸ್ವಂತ ಮೋಟಾರಿದ್ದರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಇನ್ನೂ ಫ್ಯಾನ್ ಬೆಲ್ಟೇ.

ಈ ಬೆಲ್ಟಿಗೆ ಹಲ್ಲುಗಳಿಲ್ಲ, ಬರೀ ಘರ್ಷಣೆಯಿಂದ ಕೆಲಸ ಮಾಡುತ್ತದೆ. ಜಗ್ಗುವ ಕರುವಿನ ಹಗ್ಗವನ್ನು ಗೂಟಕ್ಕೆ ಒಂದೆರಡು ಸುತ್ತು ಹಾಕಿದರೆ ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಬಹುದಲ್ಲವೇ, ಅದೇ ತತ್ತ್ವ. ಇದರ ಲೆಕ್ಕವನ್ನು 18ನೇ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟಿದ್ದಾನೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿನ ಹಗ್ಗ ಕೈಬಲದ ಆರೂವರೆ ಪಟ್ಟು ಎಳೆತವನ್ನು ತಡೆಯುತ್ತದೆ, ಎರಡು ಸುತ್ತು 43 ಪಟ್ಟು. ಸುತ್ತು ಕಡಿಮೆಯಾದರೆ ಹಿಡಿತವೂ ಅಷ್ಟೇ ಬೇಗ ಕುಸಿಯುತ್ತದೆ. ಆಲ್ಟರ್ನೇಟರಿನ ಪುಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಚಿಕ್ಕದು. ಬೆಲ್ಟಿಗೆ ಅಲ್ಲಿ ಸಿಗುವ ಜಾಗ ಸ್ವಲ್ಪ, ಎಳೆಯಬೇಕಾದ ಭಾರ ಹೆಚ್ಚು. ಸ್ಟಾರ್ಟರ್ ಮೋಟಾರು ಬ್ಯಾಟರಿಯನ್ನು ಹೀರಿದ ಮರುಕ್ಷಣವೇ ಆಲ್ಟರ್ನೇಟರ್ ಅದನ್ನು ತುಂಬಿಸಲು ತೊಡಗುತ್ತದೆ. 14 ವೋಲ್ಟಿನಲ್ಲಿ 60 ಆಂಪಿಯರ್ ಎಂದರೆ 840 ವ್ಯಾಟ್. ನಷ್ಟವನ್ನೂ ಸೇರಿಸಿದರೆ ಬೆಲ್ಟು ಸುಮಾರು ಒಂದೂವರೆ ಕಿಲೋವ್ಯಾಟ್, ಅಂದರೆ ಎರಡು ಅಶ್ವಶಕ್ತಿಯಷ್ಟನ್ನು ಹೊರಬೇಕು. ಬೆಳಗಿನ ಸ್ಟಾರ್ಟಿನಲ್ಲೇ ಸದ್ದು ಬರುವುದು, ಚಾರ್ಜಿನ ಹಸಿವು ತಗ್ಗಿದ ಮೇಲೆ ನಿಲ್ಲುವುದು ಇದಕ್ಕೇ.

ಹಿಡಿತ ಸಾಲದಾದಾಗ ಬೆಲ್ಟು ಪೂರ್ತಿ ಜಾರಿಬಿಡುವುದಿಲ್ಲ. ರಬ್ಬರು ಪುಲ್ಲಿಗೆ ಕಚ್ಚಿಕೊಳ್ಳುತ್ತದೆ, ಹಿಗ್ಗುತ್ತದೆ, ತಟಕ್ಕನೆ ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಒಂದು ಸೆಕೆಂಡಿನಲ್ಲಿ ಇದು ನೂರಾರು, ಸಾವಿರಾರು ಸಲ ನಡೆದಾಗ ನಮ್ಮ ಕಿವಿಗೆ ಕೀರಲಾಗಿ ಕೇಳುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಕಚ್ಚು-ಬಿಡುವ ಆಟದಿಂದ. 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತಂತಿಯ ಈ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ.

ಇನ್ನು ರೋಗ ಪತ್ತೆ. ಮೊದಲು ಕಿವಿಗೊಡಿ. ಉದ್ದಕ್ಕೆ ಎಳೆದ ‘ಕೀಂ’ ಬಂದರೆ ಬೆಲ್ಟು ಜಾರುತ್ತಿದೆ. ಎಸಿ ಹಾಕಿದಾಗ, ಹೆಡ್‌ಲೈಟ್ ಹೊತ್ತಿಸಿದಾಗ, ಹೈಡ್ರಾಲಿಕ್ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಈ ಸದ್ದು ಜೋರಾಗುತ್ತದೆ. ‘ಚಿಕ್ ಚಿಕ್’ ಎಂದು ತಾಳಬದ್ಧವಾಗಿ ಬಂದು, ಎಂಜಿನ್ ವೇಗದೊಂದಿಗೆ ತಾನೂ ಚುರುಕಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಗರಗರ ಎಂಬ ಒರಟು ಸದ್ದಾದರೆ ಅದು ಬೇರಿಂಗಿನದು.

ಸಂಶಯ ಉಳಿದರೆ ನೀರಿನ ಪರೀಕ್ಷೆ ಇದೆ. ಬೆಲ್ಟು ತಯಾರಿಸುವ ಕಂಪನಿಗಳೇ ಮೆಕ್ಯಾನಿಕ್‌ಗಳಿಗೆ ಇದನ್ನು ಕಲಿಸುತ್ತವೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳಿರುವ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಹೆಚ್ಚಿದರೆ ಬಿಗಿ ಸಾಲದು ಅಥವಾ ಬೆಲ್ಟು ಸವೆದಿದೆ. ಒಂದಿಷ್ಟು ಹೊತ್ತು ಅಡಗಿ ಮತ್ತೆ ಶುರುವಾದರೆ ಪುಲ್ಲಿಯ ಸಾಲು ತಪ್ಪಿದೆ. ಏನೂ ವ್ಯತ್ಯಾಸವಾಗದಿದ್ದರೆ ಬೆಲ್ಟನ್ನು ಬಿಟ್ಟು ಬೇರಿಂಗುಗಳತ್ತ ನೋಡಬೇಕು. ಇದನ್ನು ಮಾಡುವಾಗ ಶಾಲು, ದುಪಟ್ಟಾ, ಸೆರಗು, ಕೊರಳ ಸರ, ಸಡಿಲ ತೋಳು ಯಾವುದೂ ಎಂಜಿನ್ನಿನ ಹತ್ತಿರ ಸುಳಿಯಬಾರದು. ಓಡುತ್ತಿರುವ ಬೆಲ್ಟು ಬಟ್ಟೆಯನ್ನು ಎಳೆದುಕೊಳ್ಳಲು ಕ್ಷಣ ಸಾಕು. ಕೀಲಿ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನು ತಾನಾಗಿ ತಿರುಗತೊಡಗುತ್ತದೆ, ಬೆರಳು ಜೋಪಾನ.

ಬೆಲ್ಟಿಗೆ ಸೋಪು ಉಜ್ಜುವುದು, ಅಂಟಿನ ಸ್ಪ್ರೇ ಹೊಡೆಯುವುದು ನಮ್ಮಲ್ಲಿ ಹಳೆಯ ರೂಢಿ. ದಯವಿಟ್ಟು ಬೇಡ. ಸೋಪು ಸದ್ದಿನ ಜೊತೆ ಹಿಡಿತವನ್ನೂ ತೆಗೆಯುತ್ತದೆ. ಅಂಟಿಗೆ ನಮ್ಮ ರಸ್ತೆಯ ಧೂಳು ಮೆತ್ತಿಕೊಂಡು ಗೀರುಗಳಲ್ಲಿ ಗಟ್ಟಿಯಾಗುತ್ತದೆ. ಎರಡರಲ್ಲೂ ಸದ್ದು ಮುಚ್ಚಿಹೋಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ‘ಬಿಗಿ ಮಾಡಿಬಿಡಿ’ ಎನ್ನುವುದರಲ್ಲೂ ಎಚ್ಚರ ಬೇಕು. ಕೈಯಿಂದ ಬಿಗಿಮಾಡುವ ಹಳೆಯ ಬೆಲ್ಟುಗಳಲ್ಲಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬಗ್ಗಬೇಕು. ಅದಕ್ಕಿಂತ ಬಹಳ ಬಿಗಿಯಾದರೆ ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗುಗಳು ಬೇಗ ಸಾಯುತ್ತವೆ. ಕೆಲವು ನೂರು ರೂಪಾಯಿಯ ಬೆಲ್ಟು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪಂಪು ಕಳೆದುಕೊಳ್ಳುವ ದಾರಿ ಅದು.

ಬಿರುಕಿಲ್ಲದ ಬೆಲ್ಟು ಚೆನ್ನಾಗಿದೆ ಎಂದೂ ನಂಬಬೇಡಿ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಮುದಿಯಾದರೆ ಅಡ್ಡಡ್ಡ ಬಿರುಕು ಬಿಟ್ಟು ತಾವೇ ತೋರಿಸಿಕೊಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರು ಸುಲಭಕ್ಕೆ ಬಿರಿಯುವುದಿಲ್ಲ, ಮೆಲ್ಲಗೆ ಸವೆಯುತ್ತದೆ. ಸವೆದಂತೆ ಗೀರುಗಳು ಅಗಲವಾಗಿ ಬೆಲ್ಟು ಪುಲ್ಲಿಯೊಳಗೆ ಆಳಕ್ಕೆ ಕೂರುತ್ತದೆ, ಪಕ್ಕದ ಹಿಡಿತ ತಪ್ಪುತ್ತದೆ. ಹೊಸ ಬೆಲ್ಟಿನ ಪಕ್ಕ ಹಿಡಿದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಬೆಲ್ಟಿನ ಬೆನ್ನ ಮೇಲೆ ‘4ಪಿಕೆ 860’ ಎಂಬಂಥ ಬರಹವಿರುತ್ತದೆ: ನಾಲ್ಕು ಏಣುಗಳು, 860 ಮಿಲಿಮೀಟರ್ ಉದ್ದ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಈ ಸಂಖ್ಯೆ ಹೇಳಿ ಕೇಳಿದರೆ ತಪ್ಪು ಅಳತೆಯದು ಕೈಗೆ ಬರುವುದಿಲ್ಲ.

ಮುಂದೂಡುವ ಪ್ರಶ್ನೆಗೆ ಬರೋಣ. ಬೆಲ್ಟು ವಾಟರ್ ಪಂಪನ್ನು ತಿರುಗಿಸದಿದ್ದರೆ, ಮಳೆಯ ಬೆಳಗ್ಗೆ ಮಾತ್ರ ಕೇಳಿಸಿ ತೇವ ಆರಿದ ಕೂಡಲೇ ನಿಲ್ಲುವ ಸದ್ದು ಕಾಯಬಹುದು. ಮುಂದಿನ ಸರ್ವಿಸಿನಲ್ಲಿ ನೋಡಿದರಾಯಿತು. ಎಸಿಗೆ ಬೇರೆಯೇ ಬೆಲ್ಟು ಇರುವ ಹಳೆಯ ಕಾರುಗಳಲ್ಲಿ ಆ ಬೆಲ್ಟು ಕಿರುಚಿದರೆ ಬಿಚ್ಚಿಟ್ಟು ಬೇಸಿಗೆಯವರೆಗೂ ಓಡಿಸಬಹುದು. ಆಲ್ಟರ್ನೇಟರಿನ ಬೆಲ್ಟು ತುಂಡಾದರೆ ಬ್ಯಾಟರಿಯ ದೀಪ ಹೊತ್ತಿಕೊಳ್ಳುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ದೀಪ, ವೈಪರ್, ಇಂಧನ ಪಂಪು ಸೇರಿ 25 ಆಂಪಿಯರ್ ಎಳೆದರೆ ಲೆಕ್ಕಕ್ಕೆ ಒಂದೂಕಾಲು ಗಂಟೆ ಮೀರಿ ಬರಬೇಕು, ಹಳೆಯ ಬ್ಯಾಟರಿಯಲ್ಲಿ ಅಷ್ಟೂ ಬರುವುದಿಲ್ಲ. ಹಗಲಾದರೆ ಹತ್ತಿರದ ಊರು ಸೇರಬಹುದು. ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿಯ ನಡುವೆ ಹೀಗಾದರೆ ಅದು ಬೇರೆಯೇ ಮಾತು.

ವಾಟರ್ ಪಂಪು ಅದೇ ಬೆಲ್ಟಿಗೆ ನೇತುಬಿದ್ದಿದ್ದರೆ ಒಂದು ದಿನವೂ ತಳ್ಳಬಾರದು. ಬೆಲ್ಟು ಹೋದರೆ ಕೂಲೆಂಟ್ ಸುತ್ತುವುದು ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಕೆಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಅಲ್ಲಿ ಬೆಲ್ಟು ಹೋದರೆ ಬ್ರೇಕ್ ಪೆಡಲು ಕಲ್ಲಾಗುತ್ತದೆ. ಗರಗರ ಎನ್ನುವ ಬೇರಿಂಗನ್ನೂ ಕಾಯಿಸಬಾರದು, ಅದು ಸಿಕ್ಕಿಹಾಕಿಕೊಂಡ ದಿನ ಹೊಸ ಬೆಲ್ಟನ್ನೂ ಹರಿದುಬಿಡುತ್ತದೆ. ಎಂಜಿನ್ನಿನ ಮುಚ್ಚಳದೊಳಗಿರುವ ಹಲ್ಲಿನ ಟೈಮಿಂಗ್ ಬೆಲ್ಟು ಇದಲ್ಲ ಎಂಬುದೂ ನೆನಪಿರಲಿ. ಅದು ಸದ್ದು ಮಾಡಿ ಎಚ್ಚರಿಸುವುದು ಅಪರೂಪ. ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಾಯಿಸಲೇಬೇಕು.

ದುಡ್ಡು ಉಳಿಸಲು ಸರಿಯಾದ ಜಾಗ ಬೇರೆ ಇದೆ. ಟೆನ್ಶನರ್ ಪುಲ್ಲಿ ಸದ್ದು ಮಾಡಿದರೆ ಇಡೀ ಜೋಡಣೆ ಕೊಳ್ಳುವ ಮೊದಲು ಒಳಗಿನ ಬೇರಿಂಗ್ ಮಾತ್ರ ಬದಲಾಗುತ್ತದೆಯೇ ಎಂದು ಕೇಳಿ. ಎಷ್ಟೋ ಪುಲ್ಲಿಗಳಲ್ಲಿ 6203ರಂಥ ಎಲ್ಲೆಡೆ ಸಿಗುವ ಬೇರಿಂಗೇ ಇರುತ್ತದೆ. ಆಲ್ಟರ್ನೇಟರನ್ನೂ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ಬೇರಿಂಗ್ ಹಾಕಿಕೊಡುತ್ತಾರೆ. ಬೆಲ್ಟು ಬಿಚ್ಚಿದಾಗ ಪ್ರತಿ ಪುಲ್ಲಿಯನ್ನೂ ನಿಮ್ಮೆದುರೇ ಕೈಯಲ್ಲಿ ತಿರುಗಿಸಿ ತೋರಿಸಲು ಹೇಳಿ. ಒರಟಾಗಿ ತಿರುಗುವುದು, ಅಲ್ಲಾಡುವುದು ಬರಿಗೈಗೆ ಗೊತ್ತಾಗುತ್ತದೆ, ಇದಕ್ಕೆ ಖರ್ಚೇನಿಲ್ಲ. ಅದಕ್ಕೂ ಮೊದಲು, ನಿಮ್ಮ ಕಾರಿನ ವಾಟರ್ ಪಂಪು ಯಾವ ಬೆಲ್ಟಿನಿಂದ ತಿರುಗುತ್ತದೆ ಎಂದು ನಿಮ್ಮ ಮೆಕ್ಯಾನಿಕ್ಕನ್ನು ಇವತ್ತೇ ಕೇಳಿಟ್ಟುಕೊಳ್ಳಿ.